ಬಿಸಿ ಇಂಜಿನ್ ಸ್ಟಾರ್ಟ್ ಆಗದಿದ್ದಾಗ: ಮಜ್ದಾ ಆರ್‌ಎಕ್ಸ್-8 ದೋಷ ನಿವಾರಣೆ ಕೈಪಿಡಿ

ನಲವತ್ತು ನಿಮಿಷ ಹೆದ್ದಾರಿಯಲ್ಲಿ ಓಡಿಸಿ ಪೆಟ್ರೋಲ್ ಬಂಕಿಗೆ ಬಂದಿದ್ದೀರಿ. ದಾರಿಯುದ್ದಕ್ಕೂ ಕಾರು ಎಲ್ಲೂ ತಕರಾರು ಮಾಡಿಲ್ಲ, 8,000 ಆರ್‌ಪಿಎಂ ದಾಟಿದರೂ ನುಣ್ಣಗೆ ಎಳೆದಿದೆ. ಟ್ಯಾಂಕ್ ತುಂಬಿಸಿ, ದುಡ್ಡು ಕೊಟ್ಟು ಬಂದು ಕೀ ತಿರುಗಿಸುತ್ತೀರಿ. ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಮತ್ತೊಮ್ಮೆ ತಿರುಗಿಸಿದರೂ ಅಷ್ಟೆ. ಕಾರನ್ನು ಪಕ್ಕಕ್ಕೆ ತಳ್ಳಿ, ಅರ್ಧ ಗಂಟೆ ಕಾದು ತಿರುಗಿಸಿದರೆ ಏನೂ ಆಗಿಯೇ ಇಲ್ಲ ಎನ್ನುವಂತೆ ಸ್ಟಾರ್ಟ್ ಆಗುತ್ತದೆ.

ಆರ್‌ಎಕ್ಸ್-8 ಇಟ್ಟುಕೊಂಡವರಲ್ಲಿ ಬಹಳ ಮಂದಿಗೆ ಈ ಅನುಭವ ಒಂದಲ್ಲ ಒಂದು ದಿನ ಆಗುತ್ತದೆ. ಆಗ ಕೇಳಿಬರುವ ಮೊದಲ ಮಾತು 'ಇಂಜಿನ್ ಹೋಯ್ತು'. ಇಂಗ್ಲೆಂಡಿನಲ್ಲಿ ನಾನು ಓಡಿಸುತ್ತಿದ್ದ 2005ರ ಕಾರಿಗೂ ಒಂದು ಗ್ಯಾರೇಜಿನಲ್ಲಿ ಇದೇ ತೀರ್ಪು ಕೊಟ್ಟರು. ಸಾಮಾನ್ಯ ಕಾರಿಗೆ ಬಳಸುವ ಕಂಪ್ರೆಶನ್ ಗೇಜನ್ನು (ಇಂಜಿನ್ ಗಾಳಿಯನ್ನು ಎಷ್ಟು ಬಿಗಿಯಾಗಿ ಒತ್ತುತ್ತದೆ ಎಂದು ಅಳೆಯುವುದು) ಪ್ಲಗ್ಗಿನ ತೂತಿಗೆ ಸಿಕ್ಕಿಸಿ, ಐದೇ ನಿಮಿಷದಲ್ಲಿ ಹೇಳಿ ಮುಗಿಸಿದ್ದರು. ಆ ಗೇಜು ಈ ಇಂಜಿನ್ನಿನ ಬಗ್ಗೆ ಏನನ್ನೂ ಹೇಳಲಾರದು ಎಂದು ನನಗೆ ಆಮೇಲೆ ತಿಳಿಯಿತು. ಇಂಜಿನ್ ನಿಜವಾಗಿಯೂ ಸವೆದಿರಬಹುದು. ಆದರೆ ಸೋತ ಬ್ಯಾಟರಿ, ನಿಧಾನವಾದ ಸೆಲ್ಫ್ ಮೋಟರ್, ಪ್ಲಗ್ಗಿಗೆ ಕಿಡಿ ಕೊಡುವ ಹಳೆಯ ಕಾಯಿಲ್ ಇವೂ ಇದೇ ಲಕ್ಷಣ ತೋರಿಸುತ್ತವೆ. ಆದ್ದರಿಂದ ಅಳತೆ ಮಾಡದೆ ಇಂಜಿನ್ ಬಿಚ್ಚಬೇಡಿ, ಅಳತೆ ಮಾಡದೆ ಕಾರನ್ನು ಗುಜರಿಗೂ ಕೊಡಬೇಡಿ.

ಬಿಸಿಯಾದಾಗಲೇ ಏಕೆ?

ಇದು ಗೊತ್ತಿದ್ದರೆ ಮುಂದಿನ ಹೆಜ್ಜೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಆರ್‌ಎಕ್ಸ್-8ರೊಳಗಿನ ರೆನೆಸಿಸ್ ಎಂಬ ರೋಟರಿ ಇಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಹೌಸಿಂಗ್ ಎಂಬ 654 ಸಿಸಿಯ ಎರಡು ಗೂಡುಗಳು; ಒಂದೊಂದರಲ್ಲೂ ಮೂರು ಮೂಲೆಯ ಒಂದು ರೋಟರ್. ಒರಳಿನೊಳಗೆ ಗುಂಡು ತಾನೂ ತಿರುಗುತ್ತ, ಗೋಡೆ ಸವರಿಕೊಂಡು ಸುತ್ತುವುದನ್ನು ನೋಡಿದ್ದೀರಲ್ಲ, ರೋಟರಿನ ಓಟವೂ ಹೆಚ್ಚು ಕಡಿಮೆ ಹಾಗೆಯೇ. ರೋಟರಿನ ಪ್ರತಿ ಮೂಲೆಯಲ್ಲೂ ಏಪೆಕ್ಸ್ ಸೀಲ್ ಎಂಬ ಲೋಹದ ಪಟ್ಟಿ ಇರುತ್ತದೆ. ಅದು ಹೌಸಿಂಗಿನ ಗೋಡೆಗೆ ಒತ್ತಿಕೊಂಡು ರೋಟರಿನ ಒಂದು ಮುಖದ ಕಡೆಯ ಗಾಳಿ ಪಕ್ಕದ ಮುಖದ ಕಡೆಗೆ ನುಸುಳದಂತೆ ತಡೆಯುತ್ತದೆ.

ಇಂಜಿನ್ ಓಡುತ್ತಿರುವಾಗ ಈ ಸೀಲನ್ನು ಗೋಡೆಗೆ ಒತ್ತುವುದು ತಿರುಗುವ ರಭಸ ಮತ್ತು ಹಿಂದಿನಿಂದ ತಳ್ಳುವ ಅನಿಲದ ಒತ್ತಡ. ಸೆಲ್ಫ್ ಹೊಡೆಯುವಾಗ ಇವೆರಡೂ ಇಲ್ಲ. ಸೀಲಿನ ಕೆಳಗಿರುವ ತೆಳು ಸ್ಪ್ರಿಂಗ್ ಒಂದೇ ಆಸರೆ. ತಣ್ಣಗಿರುವಾಗ ಗೋಡೆಯ ಮೇಲಿನ ಆಯಿಲ್ ದಪ್ಪಗಿದ್ದು ಸಂದುಗಳನ್ನು ಮುಚ್ಚುತ್ತದೆ. ಬಿಸಿಯಾದಾಗ ಅದೇ ಆಯಿಲ್ ನೀರಾಗುತ್ತದೆ, ಗಾಳಿ ನುಸುಳುತ್ತದೆ. ಅದರ ಮೇಲೆ ಬಿಸಿಯಾದ ಸೆಲ್ಫ್ ಮೋಟರಿನ ವಿದ್ಯುತ್ ರೋಧವೂ ಏರಿ, ಅದು ಇನ್ನಷ್ಟು ನಿಧಾನವಾಗುತ್ತದೆ. ನಿಧಾನ ತಿರುಗಿದಷ್ಟೂ ಗಾಳಿಗೆ ನುಸುಳಲು ಹೆಚ್ಚು ಸಮಯ. ಎರಡು ನಿಮಿಷದ ಹಿಂದೆ ಹೆದ್ದಾರಿಯಲ್ಲಿ ಹಾರುತ್ತಿದ್ದ ಕಾರು ಬಂಕಿನಲ್ಲಿ ಸ್ಟಾರ್ಟ್ ಆಗದೆ ನಿಲ್ಲುವುದು ಇದಕ್ಕೇ. 'ಪಿಕಪ್ ಚೆನ್ನಾಗಿದೆ, ಹಾಗಾಗಿ ಇಂಜಿನ್ ಗಟ್ಟಿ' ಎನ್ನುವ ವಾದ ಈ ಕಾರಿನ ಮಟ್ಟಿಗೆ ನಿಲ್ಲುವುದಿಲ್ಲ.

ಮೊದಲು ಬ್ಯಾಟರಿ, ಸೆಲ್ಫ್

ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿಯಿರಿ. ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ನೋಡಿ: ಅಂಕಿ 10ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ ಅಥವಾ ಅರ್ಥ್ ತಂತಿಯ ತುದಿಯಲ್ಲಿ ತುಕ್ಕಿದೆ. ನನ್ನ ಕಾರಿನಲ್ಲಿ 9.1ಕ್ಕೆ ಇಳಿಯುತ್ತಿತ್ತು. ಬಾಡಿಗೆ ಬಿಗಿದಿದ್ದ ಅರ್ಥ್ ತಂತಿಯ ಕಣ್ಣನ್ನು ಬಿಚ್ಚಿದಾಗ ಅದರ ಹಿಂಬದಿಯಲ್ಲಿ ಹಸಿರು ಪುಡಿ, ಬೂಷ್ಟಿನ ಹಾಗೆ ಅಂಟಿಕೊಂಡಿತ್ತು. ಉಪ್ಪುಕಾಗದದಿಂದ ಉಜ್ಜಿ ಬಿಗಿದ ಮೇಲೆ 9.8 ಆಯಿತು. ಹೊಸ ಬ್ಯಾಟರಿ ಹಾಕಿದಾಗ 10.6ಕ್ಕೆ ನಿಂತಿತು.

ಆಮೇಲೆ ತಿರುಗುವ ವೇಗ. ಕಾರಿನ ಕಂಪ್ಯೂಟರನ್ನು ಓದುವ ಅಗ್ಗದ ಓಬಿಡಿ ಸ್ಕ್ಯಾನರ್ ಇದ್ದರೂ ಸಾಕು, ಸೆಲ್ಫ್ ಹೊಡೆಯುವಾಗಿನ ಆರ್‌ಪಿಎಂ ತೋರಿಸುತ್ತದೆ. 250ರ ಆಸುಪಾಸು ಅಥವಾ ಮೇಲೆ ಇದ್ದರೆ ಒಳ್ಳೆಯದು. 200 ಮುಟ್ಟಲೂ ಒದ್ದಾಡುತ್ತಿದ್ದರೆ ದೋಷ ಇಂಜಿನ್ನಿನದ್ದು ಎಂದು ಹೇಳುವ ಸಮಯ ಇನ್ನೂ ಬಂದಿಲ್ಲ. ಮೊದಲ ವರ್ಷಗಳ ಕಾರುಗಳಲ್ಲಿದ್ದ ಸೆಲ್ಫ್ ಮೋಟರ್ ನಿಧಾನದ್ದು. ಆಮೇಲೆ ಬಂದ ವೇಗದ ಮೋಟರ್ ಅದೇ ಜಾಗಕ್ಕೆ ಕೂರುತ್ತದೆ.

ಇಲ್ಲೊಂದು ಎಚ್ಚರಿಕೆ. ವೇಗದ ಸೆಲ್ಫ್ ಹಾಕಿದರೆ ಸವೆದ ಇಂಜಿನ್ನೂ ಕೆಲವು ತಿಂಗಳು ಸ್ಟಾರ್ಟ್ ಆಗುತ್ತದೆ. ಮಾರುವವರು ಇದನ್ನು ಬಳಸಿಕೊಳ್ಳುವುದುಂಟು. ಹಳೆಯ ಆರ್‌ಎಕ್ಸ್-8 ಕೊಳ್ಳಲು ಹೋದಾಗ ಹೊಸ ಸೆಲ್ಫ್ ಮೋಟರ್ ಕಂಡರೆ, ಕಂಪ್ರೆಶನ್ ಪರೀಕ್ಷೆಯ ಕಾಗದ ಕೇಳದೆ ಮುಂಗಡ ಕೊಡಬೇಡಿ.

ಕಾಯಿಲ್, ಪ್ಲಗ್

ಪ್ರತಿ ರೋಟರಿಗೆ ಎರಡು ಪ್ಲಗ್: ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎರಡೂ ಬೇರೆ ಬೇರೆ ಜಾತಿಯವು, ಅದಲು ಬದಲು ಮಾಡಬಾರದು. ನಾಲ್ಕು ಪ್ಲಗ್ಗಿಗೆ ನಾಲ್ಕು ಕಾಯಿಲ್. ಈ ಕಾಯಿಲ್‌ಗಳ ಆಯುಸ್ಸು ಕಡಿಮೆ. 30,000ದಿಂದ 40,000 ಮೈಲಿಯೊಳಗೆ ಬದಲಿಸುವುದು ರೋಟರಿ ಬಲ್ಲವರ ರೂಢಿ. ರೋಟರ್ ತಾನು ತಿರುಗಿಸುವ ಶಾಫ್ಟಿನ (ಮುಖ್ಯ ದಂಡದ) ಮೂರರಲ್ಲೊಂದು ವೇಗದಲ್ಲಿ ತಿರುಗಿದರೂ ಅದಕ್ಕೆ ಮೂರು ಮುಖಗಳಿರುವುದರಿಂದ ಶಾಫ್ಟಿನ ಪ್ರತಿ ಸುತ್ತಿಗೂ ಪ್ರತಿ ರೋಟರಿನಲ್ಲಿ ಒಂದು ಕಿಡಿ ಬೇಕು. ನಾಲ್ಕು ಸ್ಟ್ರೋಕಿನ ಪಿಸ್ಟನ್ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೊಂದು ಕಿಡಿ ಸಾಕು. ಇಲ್ಲಿನ ಕಾಯಿಲ್‌ಗೆ ದುಡಿಮೆ ಎರಡರಷ್ಟು.

ಪರೀಕ್ಷೆಗೆ ರೋಧ ಅಳೆದು ಕೂರುವುದು ವ್ಯರ್ಥ. ಸೋತ ಕಾಯಿಲ್ ತಣ್ಣಗಿದ್ದಾಗ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಸ್ಕ್ಯಾನರಿನಲ್ಲಿ ಪಿ0301 ಎಂಬ ದೋಷದ ಕೋಡ್ ಬಂದರೆ ಮುಂದಿನ ರೋಟರ್, ಪಿ0302 ಬಂದರೆ ಹಿಂದಿನದು ಮಿಸ್ ಆಗುತ್ತಿದೆ, ಎಂದರೆ ಅಲ್ಲಿ ಪೆಟ್ರೋಲ್ ಉರಿಯದೆ ಹೋಗುತ್ತಿದೆ. ಮುಂದಿನ ರೋಟರಿನ ಕಾಯಿಲನ್ನು ಹಿಂದಿನದಕ್ಕೆ ಹಾಕಿ, ಬಿಸಿಯಾಗುವವರೆಗೆ ಓಡಿಸಿ. ಕೋಡ್ ಕೂಡ ಜಾಗ ಬದಲಿಸಿದರೆ ಕಳ್ಳ ಸಿಕ್ಕಿದ. ವೈರುಗಳಿಗೆ ಒಂದೊಂದಕ್ಕೂ ಟೇಪ್ ಸುತ್ತಿ ಎಲ್1, ಟಿ1, ಎಲ್2, ಟಿ2 ಎಂದು ಬರೆದೇ ಬಿಚ್ಚಿ. ಲೀಡಿಂಗ್ ವೈರು ಟ್ರೇಲಿಂಗ್‌ಗೆ ಹೋದರೆ ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಬಿದ್ದು ಏಪೆಕ್ಸ್ ಸೀಲ್ ಮುರಿಯಬಹುದು. ಕಾಯಿಲ್ ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ, ವೈರು ಪ್ಲಗ್ಗುಗಳ ಸಮೇತ ಬದಲಿಸಿ.

ಮಿಸ್ ಹೊಡೆಯುತ್ತಿದ್ದರೂ ಹಾಗೇ ಓಡಿಸಿಕೊಂಡು ಹೋದರೆ ಉರಿಯದ ಪೆಟ್ರೋಲ್ ನೇರವಾಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಭಾಗ ಕರಗಿ ಮುಚ್ಚಿಕೊಳ್ಳುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಪಿಕಪ್ ಸಾಯುವುದು, ಕಾಲಡಿಯ ನೆಲ ಕಾಯುವುದು, ಕೊಳೆತ ಮೊಟ್ಟೆಯ ವಾಸನೆ ಇವು ಅದರ ಗುರುತು. ಹೊರಗೆ ಹೋಗಲಾರದ ಬಿಸಿ ಇಂಜಿನ್ನಿನೊಳಗೇ ನಿಂತು ಸೀಲುಗಳನ್ನು ತಿನ್ನುತ್ತದೆ. ಹೀಗೆ ಒಂದು ಸಣ್ಣ ಕಾಯಿಲ್ ಇಡೀ ಇಂಜಿನ್ನನ್ನೇ ತೆಗೆದುಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ.

ಇಂಜಿನ್ನಿನೊಳಗೆ ಪೆಟ್ರೋಲ್ ತುಂಬಿಕೊಂಡಿದ್ದರೆ

ಬಿಸಿಯಲ್ಲಲ್ಲ, ತಣ್ಣಗಿದ್ದಾಗಲೇ ಸ್ಟಾರ್ಟ್ ಆಗದಿದ್ದರೆ ಕಥೆ ಬೇರೆ. ನಾಲ್ಕು ಬಾಗಿಲಿನ ಸ್ಪೋರ್ಟ್ಸ್ ಕಾರು ಎಂಬುದೇ ಇಲ್ಲಿ ಮುಳ್ಳಾಗುತ್ತದೆ. ಹಿಂಬಾಗಿಲುಗಳು ಹಿಂದಿನ ಕೀಲಿನ ಮೇಲೆ ಬೀರುವಿನ ಕದದಂತೆ ತೆರೆಯುತ್ತವೆ. ಮಕ್ಕಳನ್ನು ಕೂರಿಸುವುದು ಸುಲಭ, ಹಿಂದೆ ಇಬ್ಬರು ದೊಡ್ಡವರೂ ಕೂರಬಹುದು. ಹಾಗಾಗಿ ಕಾರು ಶಾಲೆಗೆ, ತರಕಾರಿಗೆ, ಅರ್ಧ ಮೈಲಿಯ ಓಡಾಟಕ್ಕೆಲ್ಲ ಹೊರಡುತ್ತದೆ. ಈ ಇಂಜಿನ್ನಿಗೆ ಆಗದ ಬಳಕೆ ಎಂದರೆ ಅದೇ. ತಣ್ಣಗಿರುವಾಗ ಪೆಟ್ರೋಲ್ ಹೆಚ್ಚಾಗಿ ಸುರಿಯುತ್ತದೆ. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಆ ಪೆಟ್ರೋಲ್ ಒಳಗೇ ಉಳಿದು ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಆಯಿಲ್ ಹೋದರೆ ಕಂಪ್ರೆಶನ್ನೂ ಹೋಯಿತು, ಪ್ಲಗ್ಗೂ ಒದ್ದೆ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯನ್ನು ಒದ್ದವರಿಗೆ ಇದು ಹೊಸದಲ್ಲ. ಓವರ್‌ಫ್ಲೋ ಆದ ಬೈಕಿಗೆ ನಮ್ಮಪ್ಪ ಪೆಟ್ರೋಲ್ ಕಾಕ್ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುವಿ ಹಿಡಿದು ಹತ್ತು ಸಲ ಕಿಕ್ ಹೊಡೆಯುತ್ತಿದ್ದರು. ಆಗದಿದ್ದರೆ ಪ್ಲಗ್ ಬಿಚ್ಚಿ, ಪಂಚೆಯ ತುದಿಯಿಂದ ಒರೆಸಿ, ಬೀಡಿಯ ಬೆಂಕಿಪೊಟ್ಟಣದ ಕಡ್ಡಿ ಗೀರಿ ಅದರ ತುದಿ ಕಾಯಿಸುತ್ತಿದ್ದರು. ಆರ್‌ಎಕ್ಸ್-8ಗೂ ಕ್ರಮ ಅದೇ. ಆಕ್ಸಿಲರೇಟರ್ ಪೆಡಲನ್ನು ನೆಲಕ್ಕೆ ತಾಗುವವರೆಗೆ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ಹತ್ತು ಸೆಕೆಂಡ್ ಹೊಡೆಯಿರಿ, ಅರ್ಧ ನಿಮಿಷ ಬಿಡಿ; ಮೂರು ನಾಲ್ಕು ಸಲ ಹೀಗೆ. ಆಮೇಲೆ ಪೆಡಲ್ ಬಿಟ್ಟು ಸ್ಟಾರ್ಟ್ ಮಾಡಿ ನೋಡಿ.

ಆಗಲೂ ಆಗದಿದ್ದರೆ ಪ್ಲಗ್ ಬಿಚ್ಚಲೇಬೇಕು. ಎಡಗಡೆಯ ಮುಂದಿನ ಚಕ್ರ ತೆಗೆದರೆ ಕೈ ಸುಲಭವಾಗಿ ಹೋಗುತ್ತದೆ. ಕಾರನ್ನು ಜಾಕಿನ ಮೇಲಷ್ಟೇ ಬಿಡದೆ ಗಟ್ಟಿಯಾದ ಸ್ಟ್ಯಾಂಡ್ ಕೊಡಿ. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಕಾಯಿಲ್ ಕನೆಕ್ಟರುಗಳನ್ನೂ ಬಿಚ್ಚಿ, ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದರೆ ಒಳಗಿನ ಪೆಟ್ರೋಲ್ ತೂತುಗಳಿಂದ ಮಂಜಿನಂತೆ ಚಿಮ್ಮಿ ಹೊರಬರುತ್ತದೆ. ಹತ್ತಿರ ಕಿಡಿ, ಬೆಂಕಿ ಇರಬಾರದು. ಆಮೇಲೆ ಕೆಳಗಿನ ತೂತಿನಿಂದ ಸಿರಿಂಜಿನಲ್ಲಿ ಒಂದು ಚಮಚದಷ್ಟು ಇಂಜಿನ್ ಆಯಿಲ್ ಬಿಟ್ಟು, ಶಾಫ್ಟನ್ನು ಸ್ವಲ್ಪ ತಿರುಗಿಸಿ ಮತ್ತೆ ಬಿಡಿ. ಮೂರೂ ಮುಖಗಳಿಗೆ ಸಿಗಬೇಕು. ಒಣ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದಾಗ ಬೀದಿಯೇ ಮುಚ್ಚುವಷ್ಟು ಹೊಗೆ ಬರುತ್ತದೆ. ಹೆದರಬೇಡಿ, ನೀವು ಹಾಕಿದ ಆಯಿಲ್ ಉರಿಯುತ್ತಿದೆ ಅಷ್ಟೆ. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿ ಸ್ಟಾರ್ಟ್ ಮಾಡುವ ಯೋಚನೆ ಮಾತ್ರ ಬೇಡ. ಒಳಗಿನ ಪೆಟ್ರೋಲ್ ಎಲ್ಲ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗುತ್ತದೆ.

ಕಾರನ್ನು ಗೇಟಿನಿಂದ ಒಳಗೆ ತರುವಷ್ಟೇ ಕೆಲಸವಿದ್ದರೂ, ಸ್ಟಾರ್ಟ್ ಮಾಡಿದ ಮೇಲೆ ಇಂಜಿನ್ ಬಿಸಿಯಾಗುವವರೆಗೆ ಓಡಲು ಬಿಡಿ.

ಕಂಪ್ರೆಶನ್: ಆರು ಅಂಕಿಗಳು

ಮೇಲಿನದೆಲ್ಲ ಸರಿಯಿದ್ದೂ ಬಿಸಿಯಲ್ಲಿ ಸ್ಟಾರ್ಟ್ ಆಗದಿದ್ದರೆ ಈಗ ಕಂಪ್ರೆಶನ್ ನೋಡುವ ಹೊತ್ತು. ಒಂದು ರೋಟರಿಗೆ ಮೂರು ಮುಖ, ಎರಡು ರೋಟರಿಗೆ ಆರು ಅಂಕಿ. ಸಾಮಾನ್ಯ ಗೇಜಿನಲ್ಲಿ ಗಾಳಿ ಹಿಂದೆ ಬರದಂತೆ ತಡೆಯುವ ವಾಲ್ವ್ ಇರುವುದರಿಂದ ಅದು ಮೂರರಲ್ಲಿ ದೊಡ್ಡದನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಎರಡು ಮುಖ ಸತ್ತಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ರೋಟರಿಗೆಂದೇ ಮಾಡಿದ ಟೆಸ್ಟರ್ ಮೂರು ಮುಖಗಳನ್ನೂ ಬೇರೆ ಬೇರೆ ಅಳೆದು, ಆರ್‌ಪಿಎಂ ಜೊತೆಗೇ ತೋರಿಸುತ್ತದೆ.

ಇಂಜಿನ್ ಪೂರ್ತಿ ಬಿಸಿಯಾಗಿರಬೇಕು. ತಣ್ಣಗಿನ ಇಂಜಿನ್ನಿನ ಅಂಕಿ ನಿಮ್ಮನ್ನು ಸಮಾಧಾನ ಮಾಡೀತೇ ಹೊರತು ಸತ್ಯ ಹೇಳುವುದಿಲ್ಲ. ಬ್ಯಾಟರಿ ತುಂಬಿರಲಿ, ಪೆಟ್ರೋಲ್ ಫ್ಯೂಸ್ ಕಿತ್ತಿರಲಿ, ಕಾಯಿಲ್ ಕನೆಕ್ಟರ್ ಬಿಚ್ಚಿರಲಿ, ಪೆಡಲ್ ಪೂರ್ತಿ ಒತ್ತಿರಲಿ. ಮಜ್ದಾ ಕೊಟ್ಟಿರುವ ಮಾನ 250 ಆರ್‌ಪಿಎಂನಲ್ಲಿ: ಗಟ್ಟಿ ಇಂಜಿನ್ನಿಗೆ 830 ಕಿಲೋಪಾಸ್ಕಲ್, ಕನಿಷ್ಠ 680. ಒಂದೇ ರೋಟರಿನ ಮುಖಗಳ ನಡುವೆ 150ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು, ರೋಟರಿಂದ ರೋಟರಿಗೆ 100ಕ್ಕಿಂತ ಹೆಚ್ಚಿರಬಾರದು. ಸೆಲ್ಫ್ 200ರಲ್ಲಿ ತಿರುಗಿದಾಗ ಬಂದ ಅಂಕಿಯನ್ನು 250ಕ್ಕೆ ಸರಿಹೊಂದಿಸದೆ ಈ ಮಾನದ ಪಕ್ಕ ಇಡುವುದು ತಪ್ಪು. ಎತ್ತರದ ಲೆಕ್ಕವೂ ಇದೆ: ಬೆಂಗಳೂರಿನಂತೆ ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರಿನಲ್ಲಿ ಗಾಳಿಯ ಒತ್ತಡವೇ ಶೇ. 10ರಷ್ಟು ಕಡಿಮೆ. ಮಂಗಳೂರಿನಲ್ಲಿ ಪಾಸಾಗುವ ಇಂಜಿನ್ ಅಲ್ಲಿ ಫೇಲಾದಂತೆ ಕಾಣಬಹುದು.

ಟೆಸ್ಟರ್ ಸಿಗುವ ಮೊದಲು ಮನೆಯಲ್ಲೇ ಒಂದು ಸುಳಿವು ಪಡೆಯಬಹುದು. ಇಂಜಿನ್ ಬಿಸಿಯಿರುವಾಗ ಪೆಡಲ್ ಒತ್ತಿ ಸೆಲ್ಫ್ ಹೊಡೆಯುತ್ತ ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿ. ಇನ್ನೊಂದು ರೋಟರಿನ ಎರಡೂ ಪ್ಲಗ್ ಬಿಚ್ಚಿಟ್ಟರೆ ಒಂದರ ಸದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಪೆಟ್ರೋಲ್ ಮತ್ತು ಕಿಡಿ ಎರಡೂ ನಿಂತಿರಬೇಕು ಎಂಬುದನ್ನು ಮರೆಯಬೇಡಿ. ಗಟ್ಟಿ ರೋಟರ್ 'ಛುಫ್, ಛುಫ್, ಛುಫ್' ಎಂದು ಒಂದೇ ಸಮ ಹೊಡೆಯುತ್ತದೆ. ಏಟುಗಳ ನಡುವೆ 'ಛುಫ್, ಹ್, ಹ್, ಛುಫ್' ಎಂದು ಉಸಿರು ಹೋದಂತೆ ಕೇಳಿದರೆ ಮುಖ ಸೋತಿದೆ.

ಆರು ಅಂಕಿ ಕೈಗೆ ಬಂದ ಮೇಲೆ ಅವುಗಳನ್ನು ಓದುವುದು ಈ ಕೆಲಸದ ಅತಿ ಸ್ವಾರಸ್ಯದ ಭಾಗ. ಏಪೆಕ್ಸ್ ಸೀಲ್ ಎರಡು ಮುಖಗಳ ನಡುವಿನ ಗೋಡೆ. ಅದು ಕೆಟ್ಟರೆ ಅಕ್ಕಪಕ್ಕದ ಎರಡು ಅಂಕಿಗಳೂ ಬೀಳುತ್ತವೆ. ರೋಟರಿನ ಬದಿಯಲ್ಲಿರುವ ಸೈಡ್ ಸೀಲ್ ಒಂದೇ ಮುಖಕ್ಕೆ ಸೇರಿದ್ದು. ಅದು ಸಿಕ್ಕಿಕೊಂಡರೆ ಒಂದೇ ಅಂಕಿ ಬೀಳುತ್ತದೆ. ಮೂರೂ ಸಮನಾಗಿ ಇಳಿದಿದ್ದರೆ ಮೈಲಿ ಓಡಿ ಸವೆದ ಇಂಜಿನ್, ಅಥವಾ ಈಗಷ್ಟೇ ಪೆಟ್ರೋಲ್ ತುಂಬಿಕೊಂಡು ತೊಳೆದುಹೋದ ಇಂಜಿನ್. ಎರಡನೆಯದಾದರೆ ಆಯಿಲ್ ಬಿಟ್ಟು, ಒಂದಷ್ಟು ದೂರ ಓಡಿಸಿ ಮತ್ತೆ ಅಳೆದಾಗ ಅಂಕಿ ಏರಿರುತ್ತದೆ.

ನನ್ನ ಕಾರಿನಲ್ಲಿ ಬಂದದ್ದು ಮುಂದಿನ ರೋಟರಿಗೆ 710, 700, 720. ಹಿಂದಿನದಕ್ಕೆ 690, 700, 710. ಹೊಸದರ ಹಾಗೆ ಅಲ್ಲ, ಆದರೆ ಪಾಸ್. ಸೆಲ್ಫ್ ಮೋಟರ್ ಮತ್ತು ಕಾಯಿಲ್‌ಗಳನ್ನೂ ಬದಲಿಸಿದ ಮೇಲೆ ಅದೇ ಬಂಕಿನಲ್ಲಿ ಅದೇ ಬಿಸಿಯಲ್ಲಿ ಎರಡನೇ ಸುತ್ತಿಗೇ ಸ್ಟಾರ್ಟ್ ಆಯಿತು. ಅದಾದ ಮೇಲೂ ಎರಡು ವರ್ಷ ಓಡಿಸಿದೆ. 'ಇಂಜಿನ್ ಹೋಯ್ತು' ಎಂಬ ಮಾತು ನಂಬಿದ್ದರೆ ಆ ಕಾರನ್ನು ಅಂದೇ ಕಳೆದುಕೊಳ್ಳುತ್ತಿದ್ದೆ.

ನನ್ನನ್ನು ನೋಡಿ ಪುತ್ತೂರಿನ ಗೆಳೆಯನೊಬ್ಬ, ಅವನೂ ಇಂಗ್ಲೆಂಡಿನಲ್ಲೇ ಇದ್ದವನು, ತನ್ನ ಕಾರು ತಂದ. 'ನಿನ್ನದು ಕಾಯಿಲಲ್ಲಿ ಸರಿ ಆಯ್ತಲ್ಲ ಮಾರಾಯ, ನಂಗೂ ಅದನ್ನೇ ಹಾಕಿ ಕೊಡು' ಎಂದ. ಮೊದಲು ಅಳೆಯೋಣ ಎಂದೆ. ಹಿಂದಿನ ರೋಟರಿನಲ್ಲಿ 720, 510, 530. ಅಕ್ಕಪಕ್ಕದ ಎರಡು. ಅವನಿಗೆ ಹೇಳಲು ನಾಲಿಗೆ ಏಳಲಿಲ್ಲ. ಕಾಯಿಲ್ ಹಾಕಿದ್ದರೆ ಅವನ ದುಡ್ಡೂ ಹೋಗುತ್ತಿತ್ತು, ಮುರಿದ ತುಂಡು ಹೌಸಿಂಗನ್ನೂ ಗೀರಿ ಹಾಕುತ್ತಿತ್ತು. ಬಿಚ್ಚಿದಾಗ ಸಿಕ್ಕಿದ್ದು ಏಪೆಕ್ಸ್ ಸೀಲಿನ ಮೂಲೆಯ ಒಂದು ಚೂರು ಕಾಣೆಯಾಗಿರುವುದು. ಅಕ್ಕಿಕಾಳಿನ ಅರ್ಧದಷ್ಟೂ ಇರಲಿಲ್ಲ. ಓಡಿಸುವುದನ್ನು ಬೇಗ ನಿಲ್ಲಿಸಿದ್ದರಿಂದ ಹೌಸಿಂಗ್ ಉಳಿದಿತ್ತು, ಹೊಸ ಸೀಲುಗಳಲ್ಲೇ ಕೆಲಸ ಮುಗಿಯಿತು.

ಇನ್ನೂ ಒಂದೆರಡು ಕಡೆ ಕಣ್ಣಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸಿಹಿ ವಾಸನೆಯ ಬಿಳಿ ಹೊಗೆ ಬಂದು, ಕೂಲಂಟ್ ಬಾಟಲಿಯಲ್ಲಿ ಗುಳ್ಳೆ ಏಳುತ್ತಿದ್ದರೆ ಕೆಟ್ಟಿರುವುದು ಕೂಲಂಟ್ ಸೀಲು. ಅದಕ್ಕೆ ಹೊರಗಿನಿಂದ ಮದ್ದಿಲ್ಲ. ಡ್ಯಾಶ್‌ಬೋರ್ಡಿನ ತಾಪದ ಮುಳ್ಳನ್ನು ನಂಬಬೇಡಿ. ಬಿಸಿ ಏರುತ್ತಿದ್ದರೂ ಅದು ಬಹಳ ಹೊತ್ತು ನಡುವಿನಲ್ಲೇ ನಿಂತಿರುತ್ತದೆ. ನಿಜವಾದ ಅಂಕಿ ಸ್ಕ್ಯಾನರಿನಲ್ಲಿ ನೋಡಿ. ಈ ಇಂಜಿನ್ ಸೀಲುಗಳಿಗೆಂದು ಆಯಿಲನ್ನು ತಾನೇ ಸುಡುವಂತೆ ಮಾಡಿದ್ದಾರೆ, ಆದ್ದರಿಂದ ಎರಡು ಸಲ ಪೆಟ್ರೋಲ್ ಹಾಕಿಸಿದಾಗ ಒಂದು ಸಲವಾದರೂ ಡಿಪ್‌ಸ್ಟಿಕ್ ಎಳೆದು ನೋಡಲೇಬೇಕು. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಕಾರಣವಿಲ್ಲದೆ ಮಿಸ್ ಕೋಡ್ ಬಂದರೆ, ಇಂಜಿನ್ ಆಫ್ ಇಟ್ಟು ಕೀ ಆನ್ ಮಾಡಿ, 8 ಸೆಕೆಂಡಿನೊಳಗೆ ಬ್ರೇಕ್ ಪೆಡಲನ್ನು 20 ಸಲ ಒತ್ತಿ. ಆಯಿಲ್ ಪ್ರೆಶರ್ ಮುಳ್ಳು ಒಮ್ಮೆ ಎದ್ದು ಬಿದ್ದರೆ ಶಾಫ್ಟ್ ಸೆನ್ಸರಿನ ಹಳೆಯ ಕಲಿಕೆ ಅಳಿಸಿತು ಎಂದರ್ಥ. ಮತ್ತೆ ಓಡಿಸಿದಾಗ ಹೊಸದಾಗಿ ಕಲಿಯುತ್ತದೆ.

ಇಂಜಿನ್ ಬಿಚ್ಚಿಸಲು ಕೊಡುವುದೇ ಆದರೆ ರೋಟರಿ ಕೆಲಸ ಗೊತ್ತಿರುವವರಿಗೇ ಕೊಡಿ. ಕೈಯಲ್ಲಿ ಒಂದು ಚೀಟಿ ಇರಲಿ: ಆರು ಅಂಕಿ, ಅಳೆದಾಗಿನ ಆರ್‌ಪಿಎಂ, ಕೂಲಂಟಿನ ತಾಪ, ಸೆಲ್ಫ್ ಹೊಡೆದಾಗಿನ ವೋಲ್ಟ್, ಕಾಯಿಲ್ ಬದಲಿಸಿದ ಮೈಲಿ. ಕೆಲಸ ಮುಗಿಸಿ ಕಾರು ವಾಪಸ್ ಕೊಡುವಾಗ ಅದೇ ಚೀಟಿಯ ಹಿಂಬದಿಯಲ್ಲಿ ಹೊಸ ಆರು ಅಂಕಿ ಬರೆಸಿಕೊಳ್ಳಿ.